ಬಲವಿದ್ದರೂ ಕಾಲು ತಡವಾಗುವುದೇಕೆ? ಅರವತ್ತು ದಾಟಿದವರಿಗೆ ಚುರುಕಿನ ವ್ಯಾಯಾಮದ ಮಾರ್ಗದರ್ಶಿ

ಅಮ್ಮನಿಗೆ ಆಗ 68 ವರ್ಷ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲೆಂದು ತುಂಬಿದ ಬಕೆಟ್ಟನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಹಿತ್ತಲಿನಿಂದ ಮುಂಬಾಗಿಲವರೆಗೆ ನಿಲ್ಲದೆ ಬರುತ್ತಿದ್ದಳು. ಹತ್ತು ಕಿಲೋ ಅಕ್ಕಿಯ ಚೀಲವನ್ನು ಅಂಗಡಿಯ ಹುಡುಗನ ಕೈಯಿಂದ ಇಸಿದುಕೊಂಡು ತಾನೇ ಒಳಗೆ ತಂದಿಡುತ್ತಿದ್ದಳು. ಅಂಥವಳು ಒಂದು ದಿನ ಹೊಸ್ತಿಲಿಗೆ ಕಾಲು ತಾಗಿ ಮುಗ್ಗರಿಸಿದಳು. ಬಿದ್ದದ್ದು ಮೊಣಕೈ ಮೇಲೆ. ಮೂಳೆ ಉಳಿಯಿತು, ಚರ್ಮ ಕಿತ್ತುಹೋಯಿತು. ಸಂಜೆ ಗಾಯಕ್ಕೆ ಮುಲಾಮು ಹಚ್ಚಿಸಿಕೊಳ್ಳುತ್ತಾ ಅವಳು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು: "ಎಡವಿದ್ದು ಗೊತ್ತಾಯಿತು ಕಣೇ. ಇನ್ನೊಂದು ಕಾಲು ಮುಂದೆ ಇಡಬೇಕು ಎಂದೂ ಗೊತ್ತಾಯಿತು. ಕಾಲೇ ಬರಲಿಲ್ಲ."

ಕಾಲು ಬಂದಿತ್ತು, ತಡವಾಗಿ ಬಂದಿತ್ತು. ಬಕೆಟ್ ಎತ್ತುವಷ್ಟು ಬಲವಿದ್ದ ಕಾಲು ಅದು. ಆದರೆ ಅರ್ಧ ಸೆಕೆಂಡಿನೊಳಗೆ ಆ ಬಲವನ್ನು ಹೊರತೆಗೆಯಲು ಅದಕ್ಕೆ ಆಗಲಿಲ್ಲ. ಆಮೇಲೆ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಹೋಗಿ, ಅವರು ಹೇಳಿಕೊಟ್ಟದ್ದನ್ನು ಮನೆಯಲ್ಲಿ ಅಮ್ಮನ ಜೊತೆ ತಿಂಗಳುಗಟ್ಟಲೆ ಮಾಡಿದೆ, ಸಿಕ್ಕಿದ್ದನ್ನೆಲ್ಲ ಓದಿದೆ. ನಮ್ಮ ಮನೆಗಳಲ್ಲಿ ಹಿರಿಯರಿಗೆ "ದಿನಾ ವಾಕಿಂಗ್ ಹೋಗಿ" ಎಂದು ಹೇಳಿ ಸುಮ್ಮನಾಗುತ್ತೇವೆ. ಅಷ್ಟು ಸಾಲದು. ಏಕೆ ಸಾಲದು, ಏನು ಮಾಡಬೇಕು ಎಂಬುದನ್ನು ಮಾಡುವ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಬಲ ಬೇರೆ, ಚುರುಕುಬಲ ಬೇರೆ

ಜಿಮ್‌ನವರು ಸ್ಟ್ರೆಂತ್ ಎನ್ನುವುದು ಒಂದು, ಪವರ್ ಎನ್ನುವುದು ಇನ್ನೊಂದು. ಎಷ್ಟು ಭಾರ ಎತ್ತಬಲ್ಲಿರಿ ಎಂಬುದು ಮೊದಲನೆಯದು. ಅದನ್ನು ಎಷ್ಟು ಬೇಗ ಎತ್ತಬಲ್ಲಿರಿ ಎಂಬುದೂ ಸೇರಿದರೆ ಎರಡನೆಯದು. ಬಲವನ್ನು ವೇಗದಿಂದ ಗುಣಿಸಿದರೆ ಅದು ಸಿಗುತ್ತದೆ, ಅಳತೆ ವ್ಯಾಟ್‌ಗಳಲ್ಲಿ. ಶಾಲೆಯ ವಿಜ್ಞಾನದ ಪುಸ್ತಕ ಇದನ್ನು 'ಸಾಮರ್ಥ್ಯ' ಎನ್ನುತ್ತದೆ. ಆ ಪದಕ್ಕೆ ದಿನದ ಮಾತಿನಲ್ಲಿ ನೂರು ಅರ್ಥ ಇರುವುದರಿಂದ ನಾನು ಮೊದಲನೆಯದನ್ನು ಬಲ ಎಂದೂ ಎರಡನೆಯದನ್ನು ಚುರುಕುಬಲ ಎಂದೂ ಕರೆಯುತ್ತೇನೆ.

ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಏರಿಸುವುದು ಬಲದ ಕೆಲಸ. ಹಾಲು ಉಕ್ಕುವ ಸದ್ದಿಗೆ ಸೋಫಾದಿಂದ ಚಕ್ಕನೆ ಏಳುವುದು, ಕಂಡಕ್ಟರ್ ಸೀಟಿ ಊದುವುದರೊಳಗೆ ಬಸ್ಸಿನ ಎತ್ತರದ ಮೆಟ್ಟಿಲು ಹತ್ತುವುದು, ಒದ್ದೆ ಬಚ್ಚಲಿನಲ್ಲಿ ಜಾರಿದ ಪಾದವನ್ನು ಹಿಡಿದು ನಿಲ್ಲಿಸುವುದು ಚುರುಕುಬಲದ ಕೆಲಸಗಳು. ಸ್ನಾಯು ತನ್ನ ಪೂರ್ಣ ಬಲಕ್ಕೆ ಏರಲು ಸೆಕೆಂಡಿನ ಮೂರನೇ ಒಂದು ಭಾಗದಷ್ಟಾದರೂ ಹೊತ್ತು ಬೇಕು. ಎಡವಿದ ಗಳಿಗೆಯಲ್ಲಿ ಅಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ವಯಸ್ಸಾದಂತೆ ಇವೆರಡೂ ಇಳಿಯುತ್ತವೆ, ಒಂದೇ ವೇಗದಲ್ಲಿ ಅಲ್ಲ. ಬ್ರಿಟನ್ನಿನಲ್ಲಿ 65ರಿಂದ 89 ವರ್ಷದ ಆರೋಗ್ಯವಂತರನ್ನು ಅಳೆದು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಲ ವರ್ಷಕ್ಕೆ ಸುಮಾರು ಶೇ 1ರಿಂದ 2ರಷ್ಟು ಕಡಿಮೆಯಾಗಿತ್ತು, ಕಾಲಿನ ಚುರುಕುಬಲ ಸುಮಾರು ಶೇ 3.5ರಷ್ಟು. ಹತ್ತು ವರ್ಷದ ಲೆಕ್ಕ ಹಾಕಿ ನೋಡಿ: ಬಲದಲ್ಲಿ ಏಳನೇ ಒಂದು ಭಾಗ ಹೋದರೆ ಚುರುಕುಬಲದಲ್ಲಿ ಮೂರನೇ ಒಂದು ಭಾಗಕ್ಕೆ ಹತ್ತಿರ ಹೋಗಿರುತ್ತದೆ. ಅದಕ್ಕೇ ಬಕೆಟ್ ಎತ್ತುವ ಅಮ್ಮನನ್ನು ಕಂಡು ನಾವು ಮೋಸಹೋದೆವು.

ಕಾರಣ ಸ್ನಾಯುವಿನ ಎಳೆಗಳಲ್ಲಿದೆ. ಕೋಳಿ ಸಾರು ಮಾಡುವವರು ನೋಡಿರುತ್ತೀರಿ: ತೊಡೆಯ ಮಾಂಸ ಕಂದು, ಎದೆಯ ಮಾಂಸ ಬಿಳಿ. ದಿನವಿಡೀ ನಡೆಯುವ ಕಾಲಿಗೆ ದಣಿಯದ ನಿಧಾನದ ಎಳೆಗಳು ಹೆಚ್ಚು. ಗಾಬರಿಯಾದಾಗ ಪಟಪಟ ಹಾರಲು ಬೇಕಾದ ಎದೆಗೆ ವೇಗದ ಎಳೆಗಳು ಹೆಚ್ಚು. ನಮ್ಮ ಸ್ನಾಯುಗಳಲ್ಲಿ ಎರಡೂ ಬೆರೆತಿರುತ್ತವೆ. ವಯಸ್ಸಾದಾಗ ಹೆಚ್ಚು ಸೊರಗುವುದು ವೇಗದ ಎಳೆ. ಬೆನ್ನುಹುರಿಯಿಂದ ಸ್ನಾಯುವಿಗೆ ಆಜ್ಞೆ ತರುವ ನರಕೋಶಗಳೂ ಕೆಲವು ಸಾಯುತ್ತವೆ, ದಿಕ್ಕಿಲ್ಲದ ಎಳೆಗಳಲ್ಲಿ ಕೆಲವನ್ನು ನಿಧಾನದ ನರಗಳು ಸಾಕಿಕೊಳ್ಳುತ್ತವೆ. ನಿಧಾನವಾಗಿ ವಾಕಿಂಗ್ ಮಾಡುವಾಗ ವೇಗದ ಎಳೆಗಳಿಗೆ ಕರೆಯೇ ಹೋಗುವುದಿಲ್ಲ. ಹೃದಯಕ್ಕೆ, ಸಕ್ಕರೆ ಕಾಯಿಲೆಗೆ, ಮನಸ್ಸಿಗೆ ವಾಕಿಂಗ್ ಬೇಕೇ ಬೇಕು. ಹೊಸ್ತಿಲಿನ ಬಳಿ ಕಾಪಾಡುವ ಎಳೆಗಳನ್ನು ಮಾತ್ರ ಅದು ಎಬ್ಬಿಸುವುದಿಲ್ಲ.

ಹಾಗಾದರೆ ಯಾವುದು ಮೇಲು?

ಬಲದ ವ್ಯಾಯಾಮವನ್ನು ಕಡೆಗಣಿಸುವಂತೆಯೇ ಇಲ್ಲ. 1990ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ವೃದ್ಧಾಲಯವೊಂದರ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಭಾರದ ವ್ಯಾಯಾಮ ಮಾಡಿಸಿದರು. ಪೂರೈಸಿದವರ ತೊಡೆಯ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ಆ ವಯಸ್ಸಿನ ಸ್ನಾಯು ಇನ್ನು ಬೆಳೆಯುವುದಿಲ್ಲ ಎಂಬ ನಂಬಿಕೆಗೆ ಅಂದೇ ಏಟು ಬಿತ್ತು.

ಅದರ ಮೇಲೆ ವೇಗ ಸೇರಿಸಿದರೆ? 2002ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಪ್ರಯೋಗದಲ್ಲಿ 30 ಹಿರಿಯ ಮಹಿಳೆಯರು ಎರಡು ಗುಂಪಾಗಿ 16 ವಾರ ಒಂದೇ ವ್ಯಾಯಾಮವನ್ನು ಮಾಡಿದರು. ಒಂದು ಗುಂಪು ನಿಧಾನವಾಗಿ ತಳ್ಳಿತು, ಇನ್ನೊಂದು ಆದಷ್ಟು ಬೇಗ ತಳ್ಳಿತು. ಬಲ ಎರಡರಲ್ಲೂ ಹೆಚ್ಚುಕಡಿಮೆ ಸಮನಾಗಿ ಬೆಳೆಯಿತು. ಕಾಲು ತಳ್ಳುವ ಚುರುಕುಬಲ ಮಾತ್ರ ನಿಧಾನದವರಲ್ಲಿ ಶೇ 45, ವೇಗದವರಲ್ಲಿ ಶೇ 97. ಬಲದಲ್ಲಿ ಏನೂ ಕಳೆದುಕೊಳ್ಳದೆ ಚುರುಕನ್ನು ಗಳಿಸಿದ್ದರು.

ಅಳತೆಯ ಯಂತ್ರದ ಮೇಲಿನ ಗಳಿಕೆ ಅಡುಗೆಮನೆಯವರೆಗೆ ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ. 566 ಜನರ ಮೇಲೆ ನಡೆದ 20 ಪ್ರಯೋಗಗಳನ್ನು ಒಟ್ಟಿಗೆ ತೂಗಿ 2022ರಲ್ಲಿ ಬಂದ ವಿಶ್ಲೇಷಣೆ, ಏಳುವುದು, ನಡೆಯುವುದು, ಹತ್ತುವುದು ಇಂಥ ಕೆಲಸಗಳಲ್ಲಿ ಚುರುಕಿನ ವ್ಯಾಯಾಮಕ್ಕೆ ಸಣ್ಣ ಮೇಲುಗೈ ಇದೆ ಎಂದಿತು. ಪುರಾವೆ ಇನ್ನೂ ಗಟ್ಟಿಯಾಗಿಲ್ಲ ಎಂದೂ ಹೇಳಿತು. ಪವಾಡದ ಮಾತು ಆಡುವವರನ್ನು ನಂಬಬೇಡಿ. ಆದರೂ ನಾನು ಚುರುಕಿನ ಪರ. ಅದಕ್ಕೆ ಹೆಚ್ಚು ಭಾರ ಬೇಕಾಗಿಲ್ಲ ಎಂಬುದೇ ದೊಡ್ಡ ಕಾರಣ. ಸಿಡ್ನಿಯಲ್ಲಿ ಅರವತ್ತು ದಾಟಿದ 112 ಜನರಿಗೆ ಎತ್ತಬಲ್ಲ ಗರಿಷ್ಠ ಭಾರದ ಶೇ 20, ಶೇ 50, ಶೇ 80 ಎಂಬ ಮೂರು ಮಟ್ಟದಲ್ಲಿ ವೇಗದ ವ್ಯಾಯಾಮ ಮಾಡಿಸಿದಾಗ ಚುರುಕುಬಲ ಮೂರರಲ್ಲೂ ಬಹುತೇಕ ಸಮನಾಗಿ ಹೆಚ್ಚಿತು. ಬಲ ಮಾತ್ರ ಭಾರ ಹೆಚ್ಚಿದಷ್ಟೂ ಹೆಚ್ಚಿತು. ತೂಗಾಡದೆ ನಿಲ್ಲುವ ಸಮತೋಲ ಹೆಚ್ಚು ಸುಧಾರಿಸಿದ್ದು ಅತಿ ಹಗುರದ ಗುಂಪಿನಲ್ಲಿ. ಮನೆಯಲ್ಲಿ ಕುರ್ಚಿಯೊಂದನ್ನು ಬಿಟ್ಟು ಬೇರೇನೂ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ.

ನಾನು ಕಂಡುಕೊಂಡ ದಾರಿ ಇಷ್ಟು: ಮೊದಲು ಬಲದ ಬುನಾದಿ, ಅದರ ಮೇಲೆ ಚುರುಕು, ಆಮೇಲೆ ಎರಡೂ ಜೊತೆಯಾಗಿ.

ಮೊದಲ ಹೆಜ್ಜೆ: ವೈದ್ಯರ ಒಪ್ಪಿಗೆ

ಎದೆನೋವು, ಹಿಡಿತಕ್ಕೆ ಬಾರದ ರಕ್ತದೊತ್ತಡ, ಹೃದಯದ ಕವಾಟದ ತೊಂದರೆ, ಹರ್ನಿಯಾ ಇರುವವರು, ಇತ್ತೀಚೆಗೆ ಮೂಳೆ ಮುರಿದವರು, ಕಣ್ಣಿನದೇ ಆಗಲಿ ಹೊಟ್ಟೆಯದೇ ಆಗಲಿ ಆಪರೇಷನ್ ಆದವರು ವೈದ್ಯರನ್ನು ಕೇಳದೆ ಶುರುಮಾಡಬಾರದು. ಎದ್ದು ನಿಂತಾಗ ಕಣ್ಣು ಕತ್ತಲೆ ಬರುವವರು ಅದನ್ನು ಮೊದಲು ಹೇಳಿಕೊಳ್ಳಬೇಕು. ಎಷ್ಟೋ ಸಲ ಅದು ರಕ್ತದೊತ್ತಡದ ಮಾತ್ರೆಯ ಪ್ರಮಾಣದ ವಿಷಯ. ವರ್ಷದೊಳಗೆ ಎರಡು ಸಲ ಬಿದ್ದವರು ಮೊದಲ ಕೆಲವು ವಾರ ಫಿಸಿಯೋಥೆರಪಿಸ್ಟ್ ಎದುರಿಗೇ ಮಾಡಲಿ.

ಮೂಳೆ ಸವೆತದವರಿಗೆ ಭಾರವೇ ಬೇಡ ಎಂದು ಹೇಳುವುದು ಸರಿಯಲ್ಲ. ಮೂಳೆ ತೆಳುವಾದ ಮಹಿಳೆಯರಿಗೆ ಆಸ್ಟ್ರೇಲಿಯಾದಲ್ಲಿ ತರಬೇತುದಾರರ ಕಣ್ಣೆದುರು ಎಂಟು ತಿಂಗಳು ಭಾರ ಎತ್ತಿಸಿದಾಗ ಬೆನ್ನಿನ ಮೂಳೆಯ ಸಾಂದ್ರತೆ ಹೆಚ್ಚಿತ್ತು. ಆದರೆ ಅದು ತಿಳಿದವರ ಎದುರು ಮಾಡುವ ಕೆಲಸ. ಮನೆಯಲ್ಲಿ ಮಾಡುವವರು ಭಾರ ಹಿಡಿದು ಮುಂದೆ ಬಾಗಿ ಸೊಂಟ ತಿರುಗಿಸುವುದನ್ನು ಪೂರ್ತಿ ಬಿಡಬೇಕು.

ಎರಡನೆಯ ಹೆಜ್ಜೆ: ಈಗ ಎಲ್ಲಿದ್ದೀರಿ ಎಂದು ಅಳೆಯುವುದು

ಕೈಯಿಲ್ಲದ ಗಟ್ಟಿ ಕುರ್ಚಿಯೊಂದು ಬೇಕು, ಸೀಟಿನ ಎತ್ತರ ನೆಲದಿಂದ 43 ಸೆಂಟಿಮೀಟರ್ ಅಂದರೆ 17 ಅಂಗುಲ. ಗೋಡೆಗೆ ಒತ್ತರಿಸಿ ಇಡಿ. ಪ್ಲಾಸ್ಟಿಕ್ ಕುರ್ಚಿಯ ಕಾಲು ನುಣುಪು ನೆಲದ ಮೇಲೆ ಜಾರುತ್ತದೆ, ಬೇಡ. ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು, ಮೊಬೈಲಿನಲ್ಲಿ 30 ಸೆಕೆಂಡು ಇಟ್ಟು, ಪೂರ್ತಿ ಎದ್ದು ಪೂರ್ತಿ ಕೂರುವುದು ಎಷ್ಟು ಸಲ ಆಗುತ್ತದೆ ಎಂದು ಎಣಿಸಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹಿರಿಯರು ಬೀಳುವುದನ್ನು ತಡೆಯಲು ಬಳಸುವ ಪರೀಕ್ಷೆ ಇದು. 60ರಿಂದ 64ರ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಮಾಡಿದರೆ ಬೀಳುವ ಅಪಾಯ ಹೆಚ್ಚು ಎಂದು ಅದು ಹೇಳುತ್ತದೆ. 65ರಿಂದ 69ಕ್ಕೆ ಆ ಗಡಿ 12 ಮತ್ತು 11. 70ರಿಂದ 74ಕ್ಕೆ 12 ಮತ್ತು 10. 75ರಿಂದ 79ಕ್ಕೆ 11 ಮತ್ತು 10. 80ರಿಂದ 84ಕ್ಕೆ 10 ಮತ್ತು 9. ಅಮ್ಮ ಮೊದಲ ದಿನ ಮಾಡಿದ್ದು ಒಂಬತ್ತು. "ಬಕೆಟ್ ಎತ್ತುವವಳಿಗೆ ಕುರ್ಚಿಯಿಂದ ಏಳುವುದು ಯಾವ ಲೆಕ್ಕ" ಎಂದು ಕೂತವಳು ಆರನೆಯ ಸಲಕ್ಕೇ ತೊಡೆ ಹಿಡಿದುಕೊಂಡಿದ್ದಳು.

ಸ್ವಲ್ಪ ಹೊತ್ತು ಸುಧಾರಿಸಿಕೊಂಡ ಮೇಲೆ ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದೂ ನೋಡಿ. ಇದರಿಂದ ವ್ಯಾಟ್ ಲೆಕ್ಕ ಹಾಕಬಹುದು, ಸ್ಪೇನಿನ ಸಂಶೋಧಕರು ಕೊಟ್ಟ ಸರಳ ಸೂತ್ರವೊಂದಿದೆ. ಏಳುವಾಗ ದೇಹದ ತೂಕದ ಶೇ 90ನ್ನು ಎತ್ತುತ್ತೇವೆ. ಎತ್ತುವ ದೂರ ನಮ್ಮ ಎತ್ತರದ ಅರ್ಧದಲ್ಲಿ ಕುರ್ಚಿಯ ಎತ್ತರವನ್ನು ಕಳೆದಷ್ಟು. ಒಂದು ಸಲ ಎದ್ದು ಕೂರುವ ಹೊತ್ತಿನಲ್ಲಿ ಅರ್ಧ ಏಳುವುದಕ್ಕೆ ಎಂದಿಟ್ಟುಕೊಳ್ಳಿ. ಅಮ್ಮನ ತೂಕ 58 ಕಿಲೋ, ಎತ್ತರ 152 ಸೆಂಟಿಮೀಟರ್. ಐದು ಸಲಕ್ಕೆ 15 ಸೆಕೆಂಡು ಹಿಡಿಯಿತು, ಅಂದರೆ ಒಂದು ಏಳುವಿಕೆಗೆ ಒಂದೂವರೆ ಸೆಕೆಂಡು. ಎತ್ತಿದ ಕಿಲೋ, ಮೀಟರಿನಲ್ಲಿ ದೂರ, ಗುರುತ್ವದ 9.81 ಇವನ್ನು ಗುಣಿಸಿ ಏಳುವ ಹೊತ್ತಿನಿಂದ ಭಾಗಿಸಿದರೆ ಲೆಕ್ಕ ಸುಮಾರು 113 ವ್ಯಾಟ್‌ಗೆ ಬಂತು. ಅದೇ ದೇಹ, ಅದೇ ಕುರ್ಚಿ, 11 ಸೆಕೆಂಡಿನಲ್ಲಿ ಮುಗಿದರೆ 154 ವ್ಯಾಟ್. ತೂಕ ಒಂದು ಗ್ರಾಂ ಹೆಚ್ಚದೆ, ಹೊತ್ತು ಕಡಿಮೆಯಾದದ್ದಕ್ಕೇ ಬಂದ ಗಳಿಕೆ ಅದು. ಚುರುಕುಬಲ ಎಂದರೇನು ಎಂದು ನನಗೆ ನಿಜವಾಗಿ ಅರ್ಥವಾದದ್ದು ಈ ಲೆಕ್ಕ ಮಾಡಿದ ದಿನ.

ಕೈ ಊರದೆ ಒಮ್ಮೆಯೂ ಏಳಲಾಗದಿದ್ದರೆ ಬೇಸರ ಬೇಡ. ಸೀಟಿನ ಮೇಲೆ ಗಟ್ಟಿ ದಿಂಬು ಅಥವಾ ಮಡಚಿದ ಜಮಖಾನ ಹಾಕಿ ಎತ್ತರಿಸಿ, ಅಲ್ಲಿಂದ ಶುರುಮಾಡಿ. ವಾರ ಕಳೆದಂತೆ ಒಂದೊಂದು ಮಡಿಕೆ ತೆಗೆಯುತ್ತಾ ಬನ್ನಿ.

ಮೂರನೆಯ ಹೆಜ್ಜೆ: ನಾಲ್ಕರಿಂದ ಆರು ವಾರ ಬರೀ ಬಲ

ಇದನ್ನು ಬಿಟ್ಟು ನೇರ ವೇಗಕ್ಕೆ ಹಾರಬೇಡಿ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜುಗಳು ಹದಕ್ಕೆ ಬರಲು ಹೊತ್ತು ಬೇಕು. ಶೈಲಿ ಕೂರದೆ ವೇಗ ಸೇರಿಸಿದರೆ ತಪ್ಪು ಶೈಲಿಯೇ ಗಟ್ಟಿಯಾಗುತ್ತದೆ.

ಮುಖ್ಯವಾದದ್ದು ಕುರ್ಚಿ ಬಸ್ಕಿ. ಗರಡಿ ಮನೆಯ ಪೈಲ್ವಾನರು ನೂರಾರು ಹೊಡೆಯುತ್ತಿದ್ದ ಬಸ್ಕಿಯೇ, ಕೆಳಗೆ ಕುರ್ಚಿ ಇರುತ್ತದೆ ಅಷ್ಟೆ. ಸೀಟಿನ ಮುಂದಿನ ಅರ್ಧಕ್ಕೆ ಸರಿದು ಕೂತುಕೊಳ್ಳಿ. ಹಿಮ್ಮಡಿಗಳು ಮಂಡಿಗಿಂತ ಸ್ವಲ್ಪ ಹಿಂದಕ್ಕಿರಲಿ, ಪಾದಗಳ ನಡುವೆ ಒಂದು ಗೇಣು ಅಂತರ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಪಾದ ಪೂರ್ತಿ ನೆಲಕ್ಕೆ ಒತ್ತಿ, ಎರಡು ಎಣಿಸುತ್ತಾ ಏಳಿ, ಮೂರು ಎಣಿಸುತ್ತಾ ಕೂರಿ. ಮಂಡಿಗಳು ಒಳಕ್ಕೆ ಒಂದನ್ನೊಂದು ತಾಗಲು ಬರಬಾರದು. ಏಳುವಾಗ ಉಸಿರು ಹೊರಕ್ಕೆ. ಉಸಿರು ಕಟ್ಟಿ ಎದ್ದರೆ ರಕ್ತದೊತ್ತಡ ಏರುತ್ತದೆ. ಅಮ್ಮ ಉಸಿರು ಕಟ್ಟುತ್ತಿದ್ದಳು. ಏಳುವಾಗ ಜೋರಾಗಿ ಸಂಖ್ಯೆ ಹೇಳು ಎಂದ ಮೇಲೆ ಸರಿಹೋಯಿತು. ಮಾತಾಡುವವರು ಉಸಿರು ಕಟ್ಟಲಾರರು.

ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಗೋಡೆಗೆ ಅಂಗೈ ಊರಿ ದಂಡ ಹೊಡೆಯುವುದು, ಕಟ್ಟೆ ಹಿಡಿದೇ ಒಂದೊಂದು ಕಾಲನ್ನು ಪಕ್ಕಕ್ಕೆ ಎತ್ತುವುದು, ಇವಿಷ್ಟು ಜೊತೆಗಿರಲಿ. ಪ್ರತಿಯೊಂದೂ ಎಂಟರಿಂದ ಹನ್ನೆರಡು ಸಲ, ಎರಡು ಸುತ್ತು, ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನ ಬಿಡುವು. ಕೊನೆಯ ಎರಡು ಸಲ ಕಷ್ಟವಾಗಬೇಕು. ಹತ್ತಕ್ಕೆ ಆರೋ ಏಳೋ ಅಂಕದಷ್ಟು ಕಷ್ಟ. ಹನ್ನೆರಡು ಸಲ ಸಲೀಸಾದರೆ ಒಂದು ಕಿಲೋ ಸಕ್ಕರೆ ಪ್ಯಾಕೆಟ್ಟನ್ನು ಎದೆಗೆ ಅಪ್ಪಿಕೊಂಡು ಮಾಡಿ, ಆಮೇಲೆ ಎರಡು. ನಮ್ಮ ಮನೆಯಲ್ಲಿ ರಾಗಿ ತುಂಬಿದ ಶಾಲೆಯ ಬ್ಯಾಗು ಈ ಕೆಲಸ ಮಾಡಿತು.

ಪಾರ್ಕುಗಳಲ್ಲಿ ಹಾಕಿರುವ ವ್ಯಾಯಾಮದ ಯಂತ್ರಗಳ ಬಗ್ಗೆ ಕೇಳುವವರಿದ್ದಾರೆ. ಮೈ ಸಡಿಲವಾಗುತ್ತದೆ, ನಾಲ್ಕು ಜನರ ಜೊತೆ ಮಾತಾಗುತ್ತದೆ, ಒಳ್ಳೆಯದೇ. ಆದರೆ ಕಾಲನ್ನು ಉಯ್ಯಾಲೆಯಂತೆ ತೂಗಿಸುವ ಯಂತ್ರದಲ್ಲಿ ಭಾರ ಏರಿಸುವ ದಾರಿಯೇ ಇಲ್ಲ. ಏರದ ಭಾರ ಬಲವನ್ನು ಬೆಳೆಸುವುದಿಲ್ಲ.

ನಾಲ್ಕನೆಯ ಹೆಜ್ಜೆ: ಏಳುವಾಗ ಸರಕ್ಕನೆ, ಕೂರುವಾಗ ನಿಧಾನ

ಈ ಮಾರ್ಗದರ್ಶಿಯ ಜೀವ ಇರುವುದು ಇಲ್ಲಿ. ವ್ಯಾಯಾಮಗಳು ಅವೇ. ಬದಲಾಗುವುದು ಏಳುವ ಗಳಿಗೆ ಮಾತ್ರ. ಭಾರವನ್ನು ಇಳಿಸಿ, ಮೊದಲ ವಾರಗಳಲ್ಲಿ ಪೂರ್ತಿ ತೆಗೆದುಬಿಡಿ. ಕೂತಲ್ಲಿ ಒಂದು ಕ್ಷಣ ಅಲುಗಾಡದೆ ಇದ್ದು, ಮುಂದೆ ಬಾಗಿ, ಸರಕ್ಕನೆ ಏಳಿ. ಒಂದು ಸೆಕೆಂಡಿನೊಳಗೆ ಎದ್ದು ನಿಂತಿರಬೇಕು. ಕೂರುವುದು ಹಿಂದಿನಂತೆಯೇ ಮೂರು ಎಣಿಸುತ್ತಾ. ದಡಕ್ಕನೆ ಕೂತರೆ ಬೆನ್ನುಮೂಳೆಗೆ ಏಟು, ಇಳಿಯುವಾಗ ಸ್ನಾಯು ಮಾಡಬೇಕಾದ ಕೆಲಸವೂ ವ್ಯರ್ಥ.

ಒಂದು ಸುತ್ತಿಗೆ ಐದಾರು ಸಲ ಸಾಕು. ಒಂದೆರಡು ನಿಮಿಷ ಪೂರ್ತಿ ಸುಧಾರಿಸಿಕೊಂಡು ಇನ್ನೊಂದು ಸುತ್ತು. ಎರಡರಿಂದ ಮೂರು ಸುತ್ತು. ಬಲದ ವ್ಯಾಯಾಮಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲಿದೆ. ಅಲ್ಲಿ ಸುಸ್ತಿನ ಹತ್ತಿರಕ್ಕೆ ಹೋಗಬೇಕು. ಇಲ್ಲಿ ವೇಗ ಇಳಿದ ಕೂಡಲೇ ನಿಲ್ಲಿಸಬೇಕು, ಇನ್ನೂ ಮಾಡಬಲ್ಲೆ ಎನಿಸಿದರೂ. ದಣಿದ ಕಾಲಿನಲ್ಲಿ ನಿಧಾನವಾಗಿ ಏಳುವುದನ್ನು ಅಭ್ಯಾಸ ಮಾಡಿದರೆ ದೇಹ ಕಲಿಯುವುದು ನಿಧಾನವನ್ನೇ.

ವೇಗ ಇಳಿದದ್ದು ಹೇಗೆ ಗೊತ್ತಾಗಬೇಕು? ಫಿಸಿಯೋಥೆರಪಿಸ್ಟ್ ಅಮ್ಮನ ಬಳೆಯನ್ನು ಆಲಿಸುತ್ತಿದ್ದರು. ಎದೆಯ ಮೇಲೆ ಕೈಕಟ್ಟಿ ಏಳುವಾಗ ಗಾಜಿನ ಬಳೆಗಳು ಒಂದೇ ಸಲ ಛಲ್ ಎನ್ನುತ್ತಿದ್ದವು. ಮೊದಲ ಸಲ, ಎರಡನೆಯ ಸಲ, ನಾಲ್ಕನೆಯ ಸಲ ಅದೇ ಸದ್ದು. ಐದನೆಯದಕ್ಕೆ ಸದ್ದು ಎಳೆಯಿತು. ಒಂದು ಬಳೆ ಮೊದಲು, ಉಳಿದವು ಆಮೇಲೆ. "ಸಾಕು ಅಮ್ಮ, ಕೂತುಕೊಳ್ಳಿ" ಎಂದರು. ಅಮ್ಮನಿಗೆ ಇನ್ನೂ ಐದು ಮಾಡುವ ಹುಮ್ಮಸ್ಸಿತ್ತು. "ಹುಮ್ಮಸ್ಸನ್ನು ಮುಂದಿನ ಸುತ್ತಿಗೆ ಇಟ್ಟುಕೊಳ್ಳಿ" ಎಂದು ಅವರು ಎರಡು ನಿಮಿಷ ಕೂರಿಸಿದರು. ಬಳೆ ಇಲ್ಲದವರು ಪಕ್ಕದಲ್ಲಿ ಎಣಿಸುವವರ ಕಣ್ಣನ್ನು ನಂಬಬೇಕು. ಒಬ್ಬರೇ ಮಾಡುವವರು ಮೊಬೈಲಿನಲ್ಲಿ ವೀಡಿಯೊ ತೆಗೆದು ನೋಡಿಕೊಳ್ಳಲಿ.

ಮಂಡಿನೋವಿನವರಿಗೆ ಏಳುವ ವೇಗ ಮೊದಮೊದಲು ಬರುವುದಿಲ್ಲ. ಪರವಾಗಿಲ್ಲ. ಬೇಗ ಏಳಬೇಕು ಎಂಬ ಪ್ರಯತ್ನವೇ ವೇಗದ ಎಳೆಗಳಿಗೆ ಕರೆ ಕಳಿಸುತ್ತದೆ, ಹೊರಗೆ ಕಾಣುವ ವೇಗ ಕಡಿಮೆಯಿದ್ದರೂ. ಸೀಟನ್ನು ಎತ್ತರಿಸಿ ಮಂಡಿ ಮಡಚುವುದನ್ನು ಕಡಿಮೆ ಮಾಡಿ. ಮಾಡುವಾಗ ಸಣ್ಣ ನೋವಿದ್ದು ಮರುದಿನಕ್ಕೆ ಇಳಿದಿದ್ದರೆ ಮುಂದುವರಿಸಬಹುದು. ಮಂಡಿ ಊದಿಕೊಂಡರೆ, ಚುಚ್ಚುವ ನೋವು ಬಂದರೆ ನಿಲ್ಲಿಸಿ ತೋರಿಸಿಕೊಳ್ಳಿ. ಎದೆ ಹಿಡಿದಂತಾದರೆ, ತಲೆ ತಿರುಗಿದರೆ ಅಂದಿನ ಅಭ್ಯಾಸ ಅಲ್ಲಿಗೇ ಮುಗಿಸಿ ವೈದ್ಯರಿಗೆ ತಿಳಿಸಿ.

ಬಟ್ಟೆ, ನೆಲ ಎರಡನ್ನೂ ನೋಡಿಕೊಳ್ಳಿ. ಸೀರೆಯ ನೆರಿಗೆ ಪಾದದ ಕೆಳಗೆ ಸಿಗದಂತೆ ಮೇಲೆ ಸಿಕ್ಕಿಸಬೇಕು. ಕಾಲುಚೀಲ ಹಾಕಿ ಗ್ರಾನೈಟ್ ನೆಲದ ಮೇಲೆ ಮಾಡಬಾರದು. ಬರಿಗಾಲು ಒಳ್ಳೆಯದು, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಅಂಟುವ ಅಡಿಯ ಬೂಟು.

ಐದನೆಯ ಹೆಜ್ಜೆ: ಪಾದಕ್ಕೂ ಮೆಟ್ಟಿಲಿಗೂ ಚುರುಕು

ಕಟ್ಟೆ ಹಿಡಿದು ಹಿಮ್ಮಡಿಯನ್ನು ಚಕ್ಕನೆ ಎತ್ತಿ, ಮೂರು ಎಣಿಸುತ್ತಾ ಇಳಿಸಿ. ನಡೆಯುವಾಗ ನಮ್ಮನ್ನು ಮುಂದಕ್ಕೆ ನೂಕುವುದು ಮೀನಖಂಡ. ಅದು ಸೊರಗಿದಾಗಲೇ ಹೆಜ್ಜೆ ಕಿರಿದಾಗುತ್ತದೆ, ಪಾದ ಎಳೆದಾಡುತ್ತದೆ. ಮೆಟ್ಟಿಲಿನ ಕೆಳಗಿನ ಹಂತದಲ್ಲಿ ಪಕ್ಕದ ಕಂಬಿ ಹಿಡಿದು ಒಂದು ಕಾಲಿಟ್ಟು ಬೇಗ ಹತ್ತಿ, ನಿಧಾನ ಇಳಿಯಿರಿ. ಒಂದೊಂದು ಕಾಲಿಗೆ ಐದು ಸಲ. ಗೋಡೆ ದಂಡದಲ್ಲೂ ಹೀಗೆಯೇ: ಹೋಗುವುದು ನಿಧಾನ, ತಳ್ಳಿ ಬರುವುದು ಚುರುಕು. ಬೀಳುವಾಗ ಕೈ ಊರಲು ಆ ಚುರುಕು ಬೇಕು.

ಇವಕ್ಕಿಂತ ನನಗೆ ಮೆಚ್ಚುಗೆಯಾದದ್ದು ಹೆಜ್ಜೆಯಾಟ. ಅಮ್ಮ ಗೋಡೆಗೆ ಬೆನ್ನು ಹತ್ತಿರವಾಗಿ ನಿಲ್ಲುತ್ತಾಳೆ, ಮುಂದೆ ಒಂದು ಭಾರವಾದ ಕುರ್ಚಿಯ ಬೆನ್ನು ಕೈಗೆ ಸಿಗುವಂತೆ ಇರುತ್ತದೆ. ನನ್ನ ಮಗ "ಅಜ್ಜೀ, ಎಡಗಾಲು ಪಕ್ಕಕ್ಕೆ!" "ಬಲಗಾಲು ಮುಂದೆ!" ಎಂದು ಹೊತ್ತುಗೊತ್ತಿಲ್ಲದೆ ಕೂಗುತ್ತಾನೆ. ಕೂಗಿದ ಕೂಡಲೇ ಆ ಕಾಲು ಹೋಗಬೇಕು, ಊರಬೇಕು, ಹಿಂದಕ್ಕೆ ಬರಬೇಕು. ಮುಂದಿನ ಕೂಗು ಯಾವಾಗ, ಯಾವ ಕಾಲಿಗೆ ಎಂದು ಅಮ್ಮನಿಗೆ ಗೊತ್ತಿರಬಾರದು, ಅದರಲ್ಲೇ ಇದೆ ಮರ್ಮ. ಹೊಸ್ತಿಲು ಕೂಡ ಹೇಳಿ ಬರುವುದಿಲ್ಲ. ಹೆಜ್ಜೆ ಇಡುವ ಅಭ್ಯಾಸಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಬಂದ ವಿಶ್ಲೇಷಣೆಯಲ್ಲಿ ಹಿರಿಯರು ಬೀಳುವುದು ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತು. ದಿನಕ್ಕೆ ಮೂರು ನಾಲ್ಕು ನಿಮಿಷ ಸಾಕು. ಮಕ್ಕಳು ಇದನ್ನು ಬೇಡ ಎನ್ನುವುದಿಲ್ಲ.

ಜಿಗಿಯಬೇಕೇ? ಮನೆಯಲ್ಲಿ ಒಬ್ಬರೇ ಮಾಡುವ ಹಿರಿಯರಿಗೆ ಬೇಡ. ಮಂಡಿ, ಮೂಳೆ ಚೆನ್ನಾಗಿರುವವರು ತರಬೇತುದಾರರ ಎದುರು ಮಾಡಬಹುದು.

ಆರನೆಯ ಹೆಜ್ಜೆ: ವಾರಕ್ಕೆ ಹಂಚಿಕೊಳ್ಳುವುದು

ಅಮ್ಮ ಹಂಚಿಕೊಂಡದ್ದು ಹೀಗೆ. ಸೋಮವಾರ, ಗುರುವಾರ ಚುರುಕಿನ ದಿನ: ಐದು ನಿಮಿಷ ಮನೆಯೊಳಗೇ ಓಡಾಡಿ ಮೈ ಬೆಚ್ಚಗಾದ ಮೇಲೆ ಕುರ್ಚಿ ಬಸ್ಕಿ, ಹಿಮ್ಮಡಿ, ಮೆಟ್ಟಿಲು, ಗೋಡೆ ದಂಡ, ಒಟ್ಟು ಅರ್ಧ ಗಂಟೆ. ಶನಿವಾರ ರಾಗಿಯ ಬ್ಯಾಗಿನ ದಿನ, ನಿಧಾನವಾಗಿ ಭಾರದೊಂದಿಗೆ. ಈ ಒಂದು ದಿನವನ್ನು ಬಿಡಬೇಡಿ. ಭಾರ ಬಿಟ್ಟರೆ ಬುನಾದಿ ಕರಗುತ್ತದೆ. ಉಳಿದ ದಿನ ವಾಕಿಂಗ್. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದಕ್ಕೂ ಇದು ಹೊಂದುತ್ತದೆ: ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥ ಚಟುವಟಿಕೆ, ಎರಡು ದಿನವಾದರೂ ಬಲದ ವ್ಯಾಯಾಮ, ಹಿರಿಯರಿಗೆ ಮೂರು ದಿನವಾದರೂ ಸಮತೋಲ ಮತ್ತು ಬಲ ಸೇರಿದ ಅಭ್ಯಾಸ.

ಚುರುಕಿನ ದಿನಗಳಲ್ಲಿ ವೇಗ ಚೆನ್ನಾಗಿ ಕೂತ ಮೇಲೆ ಒಂದು ಕಿಲೋ, ಆಮೇಲೆ ಎರಡು ಕಿಲೋ ಸೇರಿಸಬಹುದು. ಜಿಮ್‌ಗೆ ಹೋಗುವವರು ಗರಿಷ್ಠ ಎತ್ತಬಲ್ಲ ಭಾರದ ಶೇ 40ರಿಂದ 60ರೊಳಗೆ ಇರಲಿ. ಯಂತ್ರದ ಮೇಲೆ ಕಾಲು ತಳ್ಳುವಾಗ ತಳ್ಳುವುದು ಬೇಗ, ಬಿಡುವುದು ನಿಧಾನ, ಮಂಡಿಯನ್ನು ಕೊನೆಯಲ್ಲಿ ಲಟಕ್ಕನೆ ನೇರಮಾಡಬಾರದು.

ಊಟದ ಬಗ್ಗೆ ಒಂದು ಮಾತು

ವ್ಯಾಯಾಮ ಮಾಡಿ ಅನ್ನ ಸಾರಿನಲ್ಲೇ ಮುಗಿಸಿದರೆ ಸ್ನಾಯುವಿಗೆ ಸಿಗುವುದು ಕಡಿಮೆ. ಹಿರಿಯರಿಗೆ ದೇಹದ ತೂಕದ ಒಂದು ಕಿಲೋಗೆ ದಿನಕ್ಕೆ ಒಂದರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂಬುದು ತಜ್ಞರ ಸಲಹೆ. 58 ಕಿಲೋದ ಅಮ್ಮನಿಗೆ ಸುಮಾರು 60 ಗ್ರಾಂ. ನೂರು ಗ್ರಾಂ ಹುರುಳಿಕಾಳಿನಲ್ಲಿ 22 ಗ್ರಾಂನಷ್ಟಿದೆ, ತೊಗರಿಬೇಳೆಯಲ್ಲೂ ಹೆಚ್ಚುಕಡಿಮೆ ಅಷ್ಟೇ, ಒಂದು ಮೊಟ್ಟೆಯಲ್ಲಿ ಆರು, ಒಂದು ಲೋಟ ಹಾಲಿನಲ್ಲಿ ಆರೇಳು. ಬೆಳಗಿನ ತಿಂಡಿಯಲ್ಲಿ ಎಲ್ಲಕ್ಕಿಂತ ಕಡಿಮೆ ಇರುತ್ತದೆ. ಉಪ್ಪಿಟ್ಟಿನ ಜೊತೆ ಒಂದು ಬಟ್ಟಲು ಹೆಸರುಕಾಳಿನ ಉಸಲಿ ಇಟ್ಟರೆ ಆ ಕೊರತೆ ತಕ್ಕಮಟ್ಟಿಗೆ ತುಂಬುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರು ಹೇಳಿದ ಪ್ರಮಾಣಕ್ಕೇ ನಿಲ್ಲಬೇಕು.

ಕೊನೆಯ ಹೆಜ್ಜೆ: ತಿಂಗಳಿಗೊಮ್ಮೆ ಮತ್ತೆ ಎಣಿಸುವುದು

ಒಂದೇ ಕುರ್ಚಿ, ಒಂದೇ ಹೊತ್ತು, ಅದೇ 30 ಸೆಕೆಂಡು. ದಿನಾ ಅಳೆಯಬೇಡಿ, ನಿದ್ದೆ ಕೆಟ್ಟ ದಿನ ಎರಡು ಕಡಿಮೆಯಾಗುತ್ತದೆ, ಮನಸ್ಸು ಕುಗ್ಗುತ್ತದೆ. ಜ್ವರವೋ ಮದುವೆಮನೆಯೋ ಬಂದು ಎರಡು ವಾರ ತಪ್ಪಿದರೆ, ಬಿಟ್ಟಲ್ಲಿಂದಲೇ ಹಿಡಿಯದೆ ಅರ್ಧ ಸುತ್ತಿನಿಂದ, ಭಾರವಿಲ್ಲದೆ ಒಂದು ವಾರ ಮಾಡಿ ಮುಂದುವರಿಯಿರಿ.

ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ಅಮ್ಮನ ಅಕ್ಷರದಲ್ಲಿ ಅವಳ ಎಣಿಕೆ ಇದೆ. ಮೊದಲ ತಿಂಗಳು 9. ಆಮೇಲೆ 10, 12, 13. ಮಳೆಗಾಲದಲ್ಲಿ ಜ್ವರ ಬಂದ ತಿಂಗಳು 11. ಅದರ ಮುಂದಿನ ತಿಂಗಳ ಮನೆ ಇನ್ನೂ ಖಾಲಿ ಇದೆ. ಭಾನುವಾರ ಎಣಿಸುತ್ತೇವೆ, ಕೂಗುವ ಕೆಲಸ ಮೊಮ್ಮಗನದು.